ಸೇತುಮಾಧವದಾಸರ ಮಗಳು

ಆದೋನಿ ಬಸ್ ಸ್ಟ್ಯಾಂಡಿನಲ್ಲಿ ಬಸ್ಸುಗಳ ಹೆಸರು ಕೂಗುವ ಹೆಂಗಸು ಸುಷಮಾ. ಗಾಜಿನ ಕಿಟಕಿಯ ಹಿಂದೆ, ಹಳೇ ಮೈಕಿನ ಮುಂದೆ ಕೂತು, "ಪ್ರಯಾಣಿಕುಲಕು ಮನವಿ, ಕೌತಾಳಂ ವೆಳ್ಳು ಬಸ್ಸು ನಾಲುಗೋ ಪ್ಲಾಟ್‌ಫಾರಂ ಮೀದ ಉನ್ನದಿ" ಎಂದು ಕೌತಾಳದ ಬಸ್ಸು ನಾಲ್ಕನೇ ಪ್ಲಾಟ್‌ಫಾರಂನಲ್ಲಿ ನಿಂತದ್ದನ್ನು ತೆಲುಗಿನಲ್ಲಿ ಹೇಳುತ್ತಾಳೆ. ಬಳ್ಳಾರಿ ಕಡೆಯ ಮಂದಿ ಹೆಚ್ಚಿಗೆ ಕಂಡರೆ ಅದನ್ನೇ ಕನ್ನಡದಲ್ಲಿ ಇನ್ನೊಮ್ಮೆ ಹೇಳುತ್ತಾಳೆ. ಗದ್ದಲ ಎಷ್ಟೇ ಇರಲಿ, ಆಕೆ ದನಿ ಏರಿಸುವುದಿಲ್ಲ. ಹತ್ತಿ ಮೂಟೆಯ ಮೇಲೆ ನಿದ್ದೆಗೆ ಜಾರಿದ ಮುದುಕನೂ ತನ್ನೂರಿನ ಹೆಸರು ಕಿವಿಗೆ ಬಿದ್ದದ್ದೇ ಎದ್ದು ಚಪ್ಪಲಿ ಹುಡುಕುತ್ತಾನೆ. ಅಂಥ ದನಿ.

ಆ ದನಿ ಎಲ್ಲಿಂದ ಬಂತು ಎಂಬುದು ಊರಿಗೆ ಗೊತ್ತಿತ್ತು. ಆಕೆಯ ಎದುರಿಗೆ ಮಾತ್ರ ಯಾರೂ ಆಡುತ್ತಿರಲಿಲ್ಲ. ದಾಸರ ಪದಗಳಿಗೆ ಎರಡು ರಾಜ್ಯಗಳಲ್ಲಿ ಹೆಸರಾದ ನಾಗಲದಿನ್ನೆ ಸೇತುಮಾಧವದಾಸರ ಒಬ್ಬಳೇ ಮಗಳು ಆಕೆ. ಬಸ್ ಸ್ಟ್ಯಾಂಡಿನ ಎದುರಿನ ಟಿಫಿನ್ ಹೋಟೆಲಿನವನು ದಿನಾ ಬೆಳಿಗ್ಗೆ ಆ ದಾಸರ ಒಂದು ಹಾಡು ಹಾಕುತ್ತಿದ್ದ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸುಷಮಾ ಅವನ ಹತ್ತಿರ ಹೋಗಿ, "ಅಣ್ಣಾ, ಆ ಪಾಟ ಒಂದು ಬ್ಯಾಡ. ಉಳಿದದ್ದು ಯಾವುದಾದರೂ ಹಾಕು" ಅಂದಿದ್ದಳು. ಯಾಕೆ ಅಂತ ಅವನು ಕೇಳಲಿಲ್ಲ. ಕೇಳಿದ್ದರೆ, ಆ ಹಾಡಿನಲ್ಲಿ ತಂದೆಯ ಸಾಲಿಗೆ ಸಾಲು ಕೂಡಿಸಿ ಹಾಡುವ ಹುಡುಗಿಯ ದನಿ ತನ್ನದೇ ಎಂದು ಹೇಳಬೇಕಾಗುತ್ತಿತ್ತು.

ಅದು ಹೇಗಾಯಿತು ಅಂದರೆ, ತುಂಗಭದ್ರೆಯ ದಂಡೆಯ ನಾಗಲದಿನ್ನೆಯಲ್ಲಿ ಸೇತುಮಾಧವಾಚಾರ್ಯರು ಮೊದಲು ಬರೀ ಪೂಜೆ ಪುನಸ್ಕಾರದ ಆಚಾರ್ಯರು. ಕಂಠ ಚೆನ್ನಾಗಿತ್ತು, ಆದರೆ ಅಂಥ ಕಂಠದವರು ಆ ಕಡೆ ಊರಿಗೆ ಇಬ್ಬರು ಮೂವರು ಇದ್ದರು. ಹೆಂಡತಿ ತುಂಗಾಬಾಯಿಗೆ ಸಣ್ಣಂದಿನಿಂದ ಎದೆಯ ಕವಾಟದ ರೋಗ. ಎರಡು ಕೊಡ ನೀರು ಹೊತ್ತರೆ ಮೂರನೆಯದಕ್ಕೆ ಕಟ್ಟೆಯ ಮೇಲೆ ಕೂತುಬಿಡುವಳು. ಕೂತಲ್ಲೇ ಮಗಳಿಗೆ ಹಾಡು ಹೇಳಿಕೊಡುವಳು, ಮೆಲ್ಲಗೆ, ಉಸಿರು ಬಿಟ್ಟು ಬಿಟ್ಟು. ಮಗಳು ಅದನ್ನು ಒಂದೇ ಉಸಿರಿನಲ್ಲಿ ತಿರುಗಿ ಹೇಳುವಳು. ಆಚಾರ್ಯರು ಒಂದು ದಿನ ಎಮ್ಮಿಗನೂರಿನ ಕಾರ್ಯಕ್ರಮಕ್ಕೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾಡಿಸಿದರು. ಜನ ಎದ್ದು ನಿಂತರು. ಅಲ್ಲಿಂದ ಮುಂದೆ ಎಲ್ಲಿ ಕರೆ ಬಂದರೂ, "ಕೂಸಿನ್ನೂ ಕರಕೊಂಡು ಬರ್ರಿ" ಎಂಬ ಮಾತು ಜೊತೆಗೇ ಬರತೊಡಗಿತು. ಆಚಾರ್ಯರು ದಾಸರಾದರು.

ಸುಷಮಾಗೆ ಹದಿನಾಲ್ಕು ತುಂಬಿದ ವರ್ಷ ದಾವಣಗೆರೆಯಲ್ಲಿ ಒಂದು ಕಾರ್ಯಕ್ರಮ ಗೊತ್ತಾಯಿತು. ಮದ್ರಾಸಿನ ಕ್ಯಾಸೆಟ್ ಕಂಪನಿಯವರು ಬಂದು ಅಲ್ಲೇ ಧ್ವನಿಮುದ್ರಣ ಮಾಡಿಕೊಳ್ಳುತ್ತಾರೆ ಎಂದಾಗಿತ್ತು. ತುಂಗಾಬಾಯಿ ಆಗ ಹಾಸಿಗೆ ಹಿಡಿದಿದ್ದಳು. ಆಕೆಯ ಅಕ್ಕ, ಗಂಡ ಸತ್ತು ತವರಿಗೆ ಬಂದು ಕೂತಿದ್ದ ಜಯಕ್ಕ, ಆರೈಕೆಗೆ ಇದ್ದಳು. ಅಪ್ಪ ಮಗಳು ಒಂದು ದಿನ ಮೊದಲೇ ದಾವಣಗೆರೆಗೆ ಹೋದರು. ಮರುದಿನ ಸಂಜೆ ಸುಷಮಾ ಹಾಡಿದಳು. ಅಂದು ಹಾಡಿದಂತೆ ಆಕೆ ಹಿಂದೆಂದೂ ಹಾಡಿರಲಿಲ್ಲ. ಕೊನೆಗೆ ಹಾಡಿದ್ದು ಅಮ್ಮ ಕಲಿಸಿದ, ದೇವರನ್ನು ತಾಯಿಯೆಂದು ಕರೆಯುವ ಪದ. ಮಂಗಳ ಹಾಡಿ, ಹಾರ ತುರಾಯಿ ಮುಗಿದು, ಉಳಿದುಕೊಂಡಿದ್ದ ಮನೆಗೆ ಬಂದ ಮೇಲೆ ಅಪ್ಪ ಬಾಗಿಲು ಹಾಕಿ, "ಸುಷಮಾ, ನಿಮ್ಮಮ್ಮ ಹೋದಳಂತ. ಈಗ ಹೊರಡೋಣ" ಅಂದ.

ಬಳ್ಳಾರಿಯ ಬಸ್ಸಿನಲ್ಲಿ ಆಕೆ ಅತ್ತಳು. ಅಪ್ಪನಿಗೂ ಈಗಲೇ ತಿಳಿದಿರಬೇಕು ಎಂದುಕೊಂಡೇ ಅತ್ತಳು. ಹಿಂದಿನ ಸೀಟಿನಲ್ಲಿದ್ದ ತಬಲಾದ ಮರಿಬಸಪ್ಪ ಆಕೆಯ ತಲೆ ಸವರುತ್ತಾ, "ಹೆಂಗ ಹಾಡಿದ್ಯವ್ವಾ. ಮಧ್ಯಾಹ್ನ ಫೋನ್ ಬಂದಾಗಿಂದ ನಿನ್ನ ಮಕ ನೋಡಾಕ ನನಗ ಆಗಲಿಲ್ಲ" ಅಂದುಬಿಟ್ಟ. ಅನ್ನಬಾರದಿತ್ತು ಎಂದು ಅವನಿಗೆ ಆಮೇಲೆ ಹೊಳೆಯಿತು. ಸುಷಮಾಳ ಅಳು ಅಲ್ಲಿಗೇ ನಿಂತಿತು.

ಊರಲ್ಲಿ ಜಯಕ್ಕ ಎದೆ ಎದೆ ಬಡಿದುಕೊಂಡು ಕೇಳಿದ್ದು ಇನ್ನೊಂದೇ ಮಾತು. "ಮೊನ್ನೆ ಸಂಜಿನ ನಾ ಫೋನ್ ಮಾಡಿದ್ನಲ್ಲ, ಆಚಾರ್ಯರ. ಉಸಿರು ಆಡವಲ್ದು, ಕೂಸಿನ್ನ ಕರಕೊಂಡು ಬರ್ರಿ ಅಂತ ಹೇಳಿದ್ನಲ್ಲ." ಜಯಕ್ಕ ಎಮ್ಮಿಗನೂರಿನ ಪೋಸ್ಟಾಫೀಸಿನವರೆಗೆ ಹೋಗಿ, ಜೀವನದಲ್ಲಿ ಮೊದಲ ಸಲ ಫೋನು ಕೈಯಲ್ಲಿ ಹಿಡಿದು, ದಾವಣಗೆರೆಯ ಆ ಮನೆಗೆ ಕೂಗಿ ಹೇಳಿದ್ದಳು. ಆ ಕಡೆಯಿಂದ ಯಾರೋ 'ಹೂಂ' ಅಂದಿದ್ದರು. ಆಚಾರ್ಯರು, "ನನಗ ಯಾರೂ ಹೇಳಿಲ್ಲ. ನೀ ಬ್ಯಾರೇ ಯಾರ ಮನಿಗೋ ಮಾತಾಡಿರಬೇಕು" ಅಂದರು. ಜಯಕ್ಕ ಬಾಯಿ ಮುಚ್ಚಿದಳು. ಓದು ಬಾರದ ಹೆಂಗಸು, ನಂಬರಿನ ಚೀಟಿ ಪೋಸ್ಟಿನವನ ಕೈಗೆ ಕೊಟ್ಟಿದ್ದಳು, ಅವನು ತಿರುವಿದ್ದ. ಮರುದಿನ ಸಾವಿನ ಸುದ್ದಿಯ ಫೋನು ಮಾಡಿದವರು ಬೇರೆಯವರು, ಅದು ಸರಿಯಾಗಿ ಮುಟ್ಟಿತ್ತು; ತನ್ನದು ಎಲ್ಲಿ ತಪ್ಪಿತೋ ಎಂದು ಆಕೆಗೆ ತಿಳಿಯಲಿಲ್ಲ. ತನ್ನಿಂದಲೇ ತಪ್ಪಿತು ಎಂದು ಮಾತ್ರ ಖಾತ್ರಿಯಾಯಿತು.

ಹದಿಮೂರನೆಯ ದಿನದ ಊಟ ಮುಗಿದ ಮೇಲೆ ಅಪ್ಪ ಗದಗಿನ ಕಾರ್ಯಕ್ರಮಕ್ಕೆ ಕರೆದುಕೊಂಡು ಹೋದ. ಸುಷಮಾ ವೇದಿಕೆಯ ಮೇಲೆ ಕೂತಳು, ಬಾಯಿ ತೆರೆಯಲಿಲ್ಲ. ಮರಿಬಸಪ್ಪ ಎರಡು ಸಲ ತಾಳದ ಆವರ್ತನ ತಿರುಗಿಸಿದ. ಅಪ್ಪ ಕಣ್ಣಲ್ಲೇ ಗದರಿಸಿದ. ಆಕೆ ಜಮಖಾನದ ಅಂಚು ನೋಡುತ್ತಾ ಕೂತಳು. ರೂಮಿಗೆ ಬಂದ ಮೇಲೆ ಅಪ್ಪ ಕೆನ್ನೆಗೆ ಹೊಡೆದ, ಆಮೇಲೆ ಅತ್ತ, ಆಮೇಲೆ ಕೈ ಮುಗಿದ. ಮಗಳು ಯಾವುದಕ್ಕೂ ಬಗ್ಗಲಿಲ್ಲ. ಆತ ಆಕೆಯನ್ನು ಜಯಕ್ಕನ ಹತ್ತಿರ ಬಿಟ್ಟು ಹುಬ್ಬಳ್ಳಿಯಲ್ಲಿ ಮನೆ ಮಾಡಿದ. ದಾವಣಗೆರೆಯ ಕ್ಯಾಸೆಟ್ಟು ಅಷ್ಟರಲ್ಲಿ ಊರೂರಿಗೂ ಹೋಗಿತ್ತು. ಮದುವೆ ಮನೆ, ಮಠ, ಲಾರಿಯ ಕ್ಯಾಬಿನ್ನು, ಎಲ್ಲಿ ಹೋದರೂ ಅದೇ. ಅಮ್ಮ ನಾಗಲದಿನ್ನೆಯಲ್ಲಿ ಹೆಣವಾಗಿ ಮಲಗಿದ್ದಾಗ ಮಗಳು ದಾವಣಗೆರೆಯಲ್ಲಿ 'ತಾಯೇ' ಎಂದು ಕರೆದದ್ದನ್ನು ಜನ ಕಾಸು ಕೊಟ್ಟು ಕೊಂಡು ಕೇಳಿದರು.

ಆಮೇಲಿನ ವರ್ಷಗಳಲ್ಲಿ ಸುಷಮಾ ಎಮ್ಮಿಗನೂರಿನಲ್ಲಿ ಇಂಟರ್‌ಮೀಡಿಯೆಟ್ ಓದಿ, ಆದೋನಿಗೆ ಬಂದು ಎಸ್‌ಟಿಡಿ ಬೂತಿನಲ್ಲಿ ಕೆಲಸಕ್ಕೆ ನಿಂತಳು. ಬಸ್ ಡಿಪೋದಲ್ಲಿ ಮೆಕಾನಿಕ್ ಆಗಿದ್ದ ಕೊಟ್ರೇಶ ಅಲ್ಲಿ ಪರಿಚಯವಾದ. ಲಿಂಗವಂತರ ಹುಡುಗ, ಮಾತು ಕಡಿಮೆ. ಇಬ್ಬರೂ ರಿಜಿಸ್ಟರ್ ಮದುವೆಯಾದರು. ಜಯಕ್ಕ ಒಂದು ವರ್ಷ ಮಾತು ಬಿಟ್ಟಳು, ಕೂಸು ಹುಟ್ಟಿದ ಸುದ್ದಿ ತಿಳಿದು ತುಪ್ಪದ ಡಬ್ಬಿ ಹಿಡಿದುಕೊಂಡು ಬಂದಳು. ಅಪ್ಪ ಬರಲಿಲ್ಲ. ಮಕ್ಕಳೆಷ್ಟು ಎಂದು ಪತ್ರಿಕೆಯವರು ಕೇಳಿದಾಗ, "ನನಗೆ ದಾಸಸಾಹಿತ್ಯವೇ ಮಕ್ಕಳು" ಎಂದು ಹೇಳಿದ್ದು ಅಚ್ಚಾಯಿತು.

ಆದರೆ ವೇದಿಕೆಯ ಮೇಲೆ ಆತನಿಗೆ ಮಗಳು ಇದ್ದಳು. ದಾವಣಗೆರೆಯ ಪದ ಹಾಡುವ ಮೊದಲು ಆತ ಒಂದು ಪ್ರಸಂಗ ಹೇಳುತ್ತಿದ್ದ. "ತಂಬೂರಿ ಶ್ರುತಿ ಮಾಡ್ತಿದ್ದೆ. ಧರ್ಮಪತ್ನಿ ಹೋದಳು ಅಂತ ಸುದ್ದಿ ಬಂತು. ಕೈ ನಡುಗಿತು. ಆಗ ನನ್ನ ಮಗಳು, ಹದಿನಾಲ್ಕು ವರ್ಷದ ಕೂಸು, 'ಅಪ್ಪಾ, ಹಾಡೋಣ. ಅಮ್ಮಗ ಇದಕ್ಕಿಂತ ದೊಡ್ಡ ಸದ್ಗತಿ ಯಾವುದು?' ಅಂತು. ಹರಿನಾಮಕ್ಕೆ ಸೂತಕ ಇಲ್ಲ ಅನ್ನೋದನ್ನ ಆ ಕೂಸು ನನಗೆ ಕಲಿಸ್ತು." ಇಷ್ಟು ಹೇಳಿ ಹಾಡು ಎತ್ತಿಕೊಂಡರೆ ಮುಂದಿನ ಸಾಲಿನ ಹೆಂಗಸರ ಸೆರಗು ಕಣ್ಣಿಗೆ ಹೋಗುತ್ತಿತ್ತು. ಸುಷಮಾ ಅದನ್ನು ಮೊದಲು ಕೇಳಿದ್ದು ಟೀವಿಯಲ್ಲಿ. ಅವತ್ತು ಒಲೆಯ ಮೇಲಿನ ಬೇಳೆ ಸೀದು ಕರಕಲಾಗುವವರೆಗೂ ಆಕೆ ಎದ್ದಿರಲಿಲ್ಲ.

ಹೋದ ಮಾಘದಲ್ಲಿ ಹತ್ತಿ ವ್ಯಾಪಾರಿ ಪಂಚಾಕ್ಷರಯ್ಯ ಬಸ್ ಸ್ಟ್ಯಾಂಡಿನ ಕಿಟಕಿಗೆ ಬಂದು ನಿಂತರು. ಸಂಗೀತ ಅಂದರೆ ಜೀವ ಬಿಡುವ ಮನುಷ್ಯ, ಹತ್ತಿಯ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲಿನ ಮಾಲೀಕರು.

"ಸುಷಮಮ್ಮಾ, ನಿಮ್ಮ ನಾಯನ, ದಾಸರು, ಬರಾಕ ಹತ್ತ್ಯಾರ. ನಮ್ಮ ಕಲ್ಯಾಣಮಂಟಪದಾಗ ಸನ್ಮಾನ ಐತಿ. ನೀವು ಬರಬೇಕು."

"ನನ್ನ ಡ್ಯೂಟಿ ಇರತೈತ್ರಿ ಅಯ್ಯನವರ."

"ಡ್ಯೂಟಿ ನಾ ಮಾತಾಡ್ತೀನಿ. ಎಪ್ಪತ್ತಾರು ವಯಸ್ಸು ಅವರಿಗೆ. ಎದಿಗೆ ಸ್ಟೆಂಟ್ ಹಾಕ್ಯಾರ. ಇನ್ನೆಷ್ಟು ದಿನ ಈ ಪಟ್ಟು?"

ಸುಷಮಾ ಮೈಕಿನ ಬಟನ್ ಒತ್ತಿ ಸಿ. ಬೆಳಗಲ್ ಬಸ್ಸಿನ ಹೆಸರು ಕೂಗಿದಳು.

ಮನೆಯಲ್ಲಿ ಮಗಳು ಸುಮೇಧಾ ಬಿಡಲಿಲ್ಲ. ಡಿಗ್ರಿ ಕೊನೆಯ ವರ್ಷ, ತಾತನ ಹಾಡು ಫೋನಿನಲ್ಲಿ ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡವಳು. "ಅಮ್ಮ, ನಾ ಆತನ್ನ ಒಂದು ಸಲಾನೂ ಎದುರಿಗೆ ನೋಡಿಲ್ಲ. ನಿನಗ ಸಿಟ್ಟಿದ್ದರ ಇರಲಿ. ನನಗ ಯಾಕ ಇರಬೇಕು?" ಅಂದಳು. ಕೊಟ್ರೇಶ ಕೈಗೆ ಹತ್ತಿದ ಗ್ರೀಸು ಸೀಮೆಎಣ್ಣೆಯಲ್ಲಿ ಉಜ್ಜಿಕೊಳ್ಳುತ್ತಾ, "ಹೋಗು. ಹೋಗಿ ಆ ಕಥಿ ಈ ಊರಾಗ ಹೇಳಬ್ಯಾಡ್ರಿ ಅಂತಾದ್ರೂ ಹೇಳಿ ಬಾ" ಅಂದ. ಆ ಮಾತು ಸುಷಮಾಗೆ ನಾಟಿತು.

ಮಿಲ್ಲಿನ ಮೇಲಿನ ಗೆಸ್ಟ್‌ಹೌಸಿನಲ್ಲಿ ಅಪ್ಪ ಇಳಿದಿದ್ದ. ಕೆಳಗೆ ಹತ್ತಿ ಅರೆಯುವ ಸದ್ದು, ಮೆಟ್ಟಿಲ ತುಂಬ ಹಾರಿ ಬಂದ ಅರಳೆ. ಸುಮೇಧಾಳನ್ನು ಕೆಳಗೆ ಪಂಚಾಕ್ಷರಯ್ಯನವರ ಹೆಂಡತಿಯ ಹತ್ತಿರ ಬಿಟ್ಟು ಸುಷಮಾ ಒಬ್ಬಳೇ ಹತ್ತಿ ಹೋದಳು. ಅಪ್ಪ ಮಂಚದ ಮೇಲೆ ಕೂತು ಬಿಸಿನೀರು ಗುಟುಕರಿಸುತ್ತಿದ್ದ. ದೇಹ ಇಳಿದಿತ್ತು, ಮೈಮೇಲಿನ ಗೋಪೀಚಂದನದ ಮುದ್ರೆಗಳು ಮಾತ್ರ ಹೊಸದಾಗಿ ಹೊಳೆಯುತ್ತಿದ್ದವು.

"ಬಾ, ಕೂಡು. ದಪ್ಪಗಾಗೀಯಲ್ಲ" ಅಂದ, ನಿನ್ನೆ ಬಿಟ್ಟು ಹೋದವರ ಹಾಗೆ.

"ಕೂಡಾಕ ಬಂದಿಲ್ಲ. ಒಂದು ಮಾತು ಐತಿ."

"ಐತಿ ಅಂತೀಯಲ್ಲ! ಮಾತೂ ನಿನ್ನ ಗಂಡನ ಮಂದೀದ ಆಗ್ಯದ."

"ಆ ಮಂದಿನ ನನ್ನ ಕೂಡ ಇದ್ದದ್ದು" ಅಂದಳು ಸುಷಮಾ. "ಅಪ್ಪಾ, ಇವತ್ತು ಆ ಪ್ರಸಂಗ ಹೇಳಬ್ಯಾಡ್ರಿ. ಬ್ಯಾರೇ ಊರಾಗ ಏನರ ಹೇಳ್ಕೋರಿ, ನಾ ಕೇಳಾಕ ಬರಂಗಿಲ್ಲ. ಇದು ನಾ ಬದುಕೋ ಊರು. ಇಲ್ಲಿ ನನ್ನ ಮಗಳು ಅದಾಳ."

"ಅದರಾಗ ತಪ್ಪೇನದ? ನಿನ್ನ ದೊಡ್ಡವಳನ್ನಾಗಿ ಮಾಡೇ ಹೇಳ್ತೀನಲ್ಲ."

"ನಾ ಹಂಗ ಅಂದಿಲ್ಲ. ನಿಮಗ ಮಧ್ಯಾಹ್ನನ ಗೊತ್ತಿತ್ತು. ಮರಿಬಸಪ್ಪ ಹೇಳ್ಯಾನ ನನಗ. ಹಾಡು ಮುಗಿಯೋ ತನಕ ನನಗ ಹೇಳಲಿಲ್ಲ ನೀವು."

ಅಪ್ಪ ಲೋಟ ಕೆಳಗಿಟ್ಟ. ಆಮೇಲೆ ಬಾಗಿಲು ಮುಂದೆ ಮಾಡು ಎಂದು ಸನ್ನೆ ಮಾಡಿದ. ಸುಷಮಾ ಮುಂದೆ ಮಾಡಿದಳು.

"ಮಧ್ಯಾಹ್ನ ಅಲ್ಲ" ಅಂದ. "ಹಿಂದಿನ ದಿನ ಸಂಜಿಗೇ ಗೊತ್ತಿತ್ತು."

"ಏನು ಗೊತ್ತಿತ್ತು?"

"ಜಯಕ್ಕ ಮಾಡಿದ ಫೋನ್. ಆ ಮನಿಯವರು ಅಂಗಳದಾಗಿದ್ರು, ಗಂಟಿ ಬಾರಿಸ್ತು, ನಾನ ಎತ್ತಿದೆ. ಉಸಿರು ಆಡವಲ್ದು, ಸುಷಮಾ ಸುಷಮಾ ಅನ್ಲಿಕ್ಕೆ ಹತ್ಯಾಳ, ಕರಕೊಂಡು ಬರ್ರಿ ಅಂತ ಒದರಿದಳು. ನಾ ಹೂಂ ಅಂದೆ. ಬ್ಯಾರೇ ಏನೂ ಅನ್ಲಿಲ್ಲ. ಇಟ್ಟುಬಿಟ್ಟೆ."

"ಬಸ್ ಇತ್ತು" ಅಂದಳು ಸುಷಮಾ. ದಿನಾ ಬಸ್ಸುಗಳ ಹೊತ್ತು ಹೇಳುವ ಬಾಯಿಗೆ ಅದೇ ಬಂತು. "ಆವಾಗ ಹತ್ತಿದ್ರ ಬೆಳಿಗ್ಗಿ ಮುಟ್ಟತಿದ್ವಿ. ಅಮ್ಮ ಹೋಗಿದ್ದು ಮಧ್ಯಾಹ್ನ."

"ಇತ್ತು. ನನಗೂ ಗೊತ್ತಿತ್ತು. ಹೋಗಿದ್ರ ಮದ್ರಾಸಿನವರು ಇನ್ನೊಮ್ಮೆ ಬರತಿರಲಿಲ್ಲ. ನಾನು ಇವತ್ತಿಗೂ ನಾಗಲದಿನ್ನ್ಯಾಗ ಶ್ರಾದ್ಧದ ಮಂತ್ರ ಹೇಳ್ಕೋತ ಇರತಿದ್ದೆ." ಆತ ಎದೆಯ ಮೇಲೆ ಕೈಯಾಡಿಸಿಕೊಂಡ. "ಆಪರೇಷನ್ ಆದಾಗಿನಿಂದ ಯಾರಿಗಾದರೂ ಹೇಳಬೇಕು ಅನಿಸ್ತಿತ್ತು. ನಿನಗ ಹೇಳಿದೆ. ಹಗುರಾತು ನೋಡು."

ಆತನ ಮುಖ ನಿಜವಾಗಿಯೂ ಹಗುರಾಗಿತ್ತು. ಸುಷಮಾ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಬೈಯಬೇಕು ಎಂದುಕೊಂಡದ್ದೆಲ್ಲ ಮಧ್ಯಾಹ್ನದ ಸುಳ್ಳಿಗೆ ಹೊಂದಿಸಿಟ್ಟುಕೊಂಡದ್ದಾಗಿತ್ತು. "ಇವತ್ತು ಅದನ್ನ ಹೇಳಬ್ಯಾಡ್ರಿ" ಎಂದಷ್ಟೇ ಮತ್ತೆ ಅಂದಳು.

"ಆಯ್ತು. ಹೇಳೂದಿಲ್ಲ" ಅಂದ ಅಪ್ಪ.

ಸಂಜೆ ಕಲ್ಯಾಣಮಂಟಪ ಕಿಕ್ಕಿರಿದಿತ್ತು. ಗಂಡ ಮಗಳ ಜೊತೆ ಸುಷಮಾ ನಾಲ್ಕನೇ ಸಾಲಿನಲ್ಲಿ ಕೂತಳು. ಅಪ್ಪನ ಕಂಠ ಇನ್ನೂ ಚೆನ್ನಾಗಿಯೇ ಇತ್ತು, ಅದಕ್ಕೆ ಅನ್ಯಾಯ ಮಾಡುವಂತಿಲ್ಲ. ಮೂರು ಪದ ಆದ ಮೇಲೆ ಯಾರೋ ಹಿಂದಿನಿಂದ, "ದಾವಣಗೆರಿ ಪಾಟ, ಸ್ವಾಮೀ" ಎಂದು ಕೂಗಿದರು. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಅಪ್ಪ ಕಣ್ಣು ಮುಚ್ಚಿದ. ತೆರೆದಾಗ ಆತ ಮಗಳನ್ನು ನೋಡಲಿಲ್ಲ, ಸಭೆಯನ್ನು ನೋಡಿದ. "ತಂಬೂರಿ ಶ್ರುತಿ ಮಾಡ್ತಿದ್ದೆ..." ಎಂದು ಶುರು ಮಾಡಿದ.

ಕೊನೆಗೆ ಹೊಸದೊಂದು ಸೇರಿಸಿದ. "ಆ ಕೂಸು ಇವತ್ತು ಇಲ್ಲೇ ಕೂತದ. ಅಗೋ, ನನ್ನ ಸುಷಮಾ."

ಎಲ್ಲರೂ ತಿರುಗಿದರು. ಪಂಚಾಕ್ಷರಯ್ಯನವರು ಕಣ್ಣೊರೆಸಿಕೊಳ್ಳುತ್ತಾ ಓಡಿ ಬಂದು ಆಕೆಯ ಕೈಗೆ ಮೈಕು ಕೊಟ್ಟರು. "ಎರಡು ಮಾತು, ಅಮ್ಮಾ." ಸುಷಮಾ ಎದ್ದು ನಿಂತಳು. ಮೈಕನ್ನು ಬಾಯಿಯಿಂದ ಎಷ್ಟು ದೂರ ಹಿಡಿಯಬೇಕು ಎಂಬುದು ಆಕೆಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ನಾನು ಹಾಡೋಣ ಅಂತ ಅಂದಿಲ್ಲ" ಅಂದಳು. ಬಸ್ಸಿನ ಹೆಸರು ಹೇಳಿದಷ್ಟೇ ಸ್ಪಷ್ಟವಾಗಿ. "ನನಗ ಯಾರೂ ಹೇಳಿರಲಿಲ್ಲ. ಅಮ್ಮ ಸತ್ತದ್ದು ನನಗ ಗೊತ್ತಾಗಿದ್ದು ಹಾಡು ಮುಗಿದ ಮ್ಯಾಲೆ. ಇವರಿಗೆ ಹಿಂದಿನ ದಿನನ ಫೋನ್ ಬಂದಿತ್ತು, ಆಕಿ ಜೀವಂತ ಇದ್ಲು, ನನ್ನ ಕೇಳಾಕ ಹತ್ತಿದ್ಲು. ಇವರು ನನ್ನ ಕರಕೊಂಡು ಹೋಗಲಿಲ್ಲ. ಇವತ್ತು ಇವರ ಬಾಯಿಂದನ ಕೇಳಿ ಬಂದೀನಿ. ಇಷ್ಟ ನಾ ಹೇಳೋದು."

ಸುಮೇಧಾ ತಾಯಿಯ ಮುಖವನ್ನೇ ನೋಡುತ್ತಿದ್ದಳು. ಈಗ ಆತ ಸುಳ್ಳು ಅನ್ನುತ್ತಾನೆ, ಅನ್ನಲಿ, ಎಂದು ಸುಷಮಾ ನಿಂತೇ ಇದ್ದಳು.

ಸೇತುಮಾಧವದಾಸರು ಸುಳ್ಳು ಅನ್ನಲಿಲ್ಲ. ಮೆಲ್ಲಗೆ ತಂಬೂರಿ ಬದಿಗಿಟ್ಟು, ವೇದಿಕೆಯ ಅಂಚಿಗೆ ಸರಿದು, ಎರಡೂ ಕೈ ಜೋಡಿಸಿದರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ನನ್ನ ಮಗಳು ಹೇಳಿದ್ದು ಖರೆ ಅದ. ನಾನು ಪಾಪಿ. ಸಾಯೋ ಹೆಂಡತಿ ಕರೆದಳು, ಹರಿಯೂ ಕರೆದ. ನಾನು ಹರಿಯ ಕಡೆ ಹೋದೆ. ಈ ಪಾಪ ಇಷ್ಟು ವರ್ಷ ನುಂಗಿಕೊಂಡು ಹಾಡಿದೆ. ಇವತ್ತು ನಿಮ್ಮ ಪಾದದ ಮುಂದ ಇಡ್ತೀನಿ. ಮಗಳೇ, ಕ್ಷಮಾ ಮಾಡು."

ಹೇಳಿ ತಲೆ ಬಾಗಿಸಿದರು. ಮೊದಲು ಮುಂದಿನ ಸಾಲಿನಲ್ಲಿ ಒಬ್ಬಾಕೆ ಗೊಳೋ ಎಂದಳು. ಆಮೇಲೆ ಸಭೆಗೆ ಸಭೆಯೇ ಎದ್ದು ನಿಂತಿತು. ಜನ ವೇದಿಕೆಗೆ ನುಗ್ಗಿ ಕಾಲಿಗೆ ಬಿದ್ದರು. ಎಲ್ಲರ ಕೈಯಲ್ಲೂ ಫೋನುಗಳು ಮೇಲೆದ್ದವು. ಆ ಗದ್ದಲದಲ್ಲೇ ಆತ ದಾವಣಗೆರೆಯ ಪದ ಎತ್ತಿಕೊಂಡ. ಅಷ್ಟು ಚೆನ್ನಾಗಿ ಆತ ಹಾಡಿ ವರ್ಷಗಳಾಗಿದ್ದವು. ಸುಷಮಾಳ ಕೈಯಿಂದ ಮೈಕನ್ನು ಯಾರು ತೆಗೆದುಕೊಂಡರೋ ಆಕೆಗೆ ತಿಳಿಯಲಿಲ್ಲ.

ಆಟೋದಲ್ಲಿ ಮನೆಗೆ ಬರುವಾಗ, ಕೋಟೆಯ ಗುಡ್ಡದ ತಿರುವು ದಾಟಿದ ಮೇಲೆ ಸುಮೇಧಾ ತಾಯಿಯ ಮೊಣಕೈ ಹಿಡಿದಳು.

"ಅಮ್ಮ, ತಾತ ಅಳುವಾಗ ಮೈಕ್ ಸ್ಟ್ಯಾಂಡ್ ಹತ್ತಿರ ಎಳಕೊಂಡ. ನಾ ನೋಡಿದೆ."

ಸುಷಮಾ ಮಗಳ ಕೈಯನ್ನು ಮನೆ ಮುಟ್ಟುವವರೆಗೂ ಬಿಡಲಿಲ್ಲ.

ವಾರದೊಳಗೆ ಆ ವಿಡಿಯೋ ಊರೂರು ಸುತ್ತಿತು. 'ದಾಸರ ಪಶ್ಚಾತ್ತಾಪ' ಎಂದು ಯಾರೋ ಹೆಸರು ಕೊಟ್ಟಿದ್ದರು. ಬಸ್ ಸ್ಟ್ಯಾಂಡಿನ ಕಿಟಕಿಗೆ ಬರುವವರು ಈಗ ಬಸ್ಸು ಕೇಳುವ ಬದಲು ಆಕೆಯ ಮುಖ ನೋಡಲು ಬಂದರು. ಒಬ್ಬ ಕಂಡಕ್ಟರು, "ಎಂಥಾ ದೊಡ್ಡ ಮನಸಮ್ಮಾ ಆತಂದು, ಅಷ್ಟು ಮಂದಿ ಮುಂದ ಒಪ್ಪಿಕೊಂಡ. ನೀನೂ ಕ್ಷಮಿಂಚು" ಅಂದ. ಬಾಳೆಹಣ್ಣು ಮಾರುವ ಎರ್ರಮ್ಮ, "ಮುದುಕನ್ನ ಹಂಗ ನಾಲ್ಕು ಮಂದ್ಯಾಗ ಅಳಿಸಬಾರದಿತ್ತು" ಎಂದು ಮುಖ ತಿರುಗಿಸಿದಳು. ಯಾರೂ ತುಂಗಾಬಾಯಿಯ ಬಗ್ಗೆ ಕೇಳಲಿಲ್ಲ. ಅಪ್ಪನಿಗೆ ಕಾರ್ಯಕ್ರಮಗಳು ಹೆಚ್ಚಿದವು. ಹಳೆಯ ಪ್ರಸಂಗದ ಜಾಗದಲ್ಲಿ ಈಗ ಹೊಸದು ಬಂದಿತ್ತು, ಹೊಸದಕ್ಕೆ ಕಣ್ಣೀರು ಇನ್ನೂ ಹೆಚ್ಚು.

ಸುಷಮಾ ರಜೆ ಹಾಕಿ ನಾಗಲದಿನ್ನೆಗೆ ಹೋದಳು. ಹಳೇ ಊರು, ಹಳೇ ಮನೆ ಹೊಳೆ ಉಕ್ಕಿ ಬಂದ ವರ್ಷವೇ ಮುಳುಗಿ ಹೋಗಿತ್ತು. ಜಯಕ್ಕ ಹೊಸ ಕಾಲೊನಿಯ ಒಂದು ಕೋಣೆಯಲ್ಲಿ ಇದ್ದಳು. ಕಿವಿ ಮಂದವಾಗಿತ್ತು, ಬುದ್ಧಿ ಚುರುಕಾಗಿತ್ತು. ವಿಡಿಯೋ ಯಾರೋ ತೋರಿಸಿದ್ದರು. ಏನು ಮಾತಾಡಿದರು ಎಂದು ಆಕೆಗೆ ಕೇಳಿಸಿರಲಿಲ್ಲ. ಸುಷಮಾ ಕಿವಿಯ ಹತ್ತಿರ ಬಾಯಿಟ್ಟು ಹೇಳಿದಳು. "ಜಯಕ್ಕಾ, ನೀ ಮಾಡಿದ ಫೋನ್ ತಪ್ಪಿರಲಿಲ್ಲ. ಸರಿಯಾದ ಮನಿಗೇ ಹೋಗಿತ್ತು. ಎತ್ತಿದ್ದು ಅಪ್ಪನ. ಹೂಂ ಅಂದಿದ್ದು ಆತನ."

ಜಯಕ್ಕ ಬಿಡಿಸುತ್ತಿದ್ದ ಅವರೆಕಾಯಿ ಹಾಗೇ ಹಿಡಿದು ಕೂತಳು.

"ಆತಗ ನನ್ನ ಮಾತು ಕೇಳಿಸಿತ್ತಾ?"

"ಪೂರ್ತಿ ಕೇಳಿಸಿತ್ತು."

"ತುಂಗಾ ಸಾಯೋ ತನಕ ಬಾಗಿಲ ಕಡೆ ನೋಡಿದಳು. 'ಅಕ್ಕಾ, ಸರಿಯಾಗಿ ಹೇಳಿದ್ಯಾ?' ಅಂತ ಕೇಳಿದಳು ನನ್ನ. ಹೇಳೀನವ್ವಾ ಅಂದೆ. ಆಮ್ಯಾಲೆ ಆತ ಬಂದು ನೀ ಎಲ್ಲಿಗೋ ಮಾತಾಡೀದಿ ಅಂದ. ಸಾಯೋಳ ಮುಂದ ನಾ ಸುಳ್ಳು ಹೇಳಿದಂಗಾತಲ್ಲ ಅಂತ ಏಕಾದಶಿ ಒಂದೂ ಬಿಟ್ಟಿಲ್ಲ, ಹನಿ ನೀರು ಮುಟ್ಟಿಲ್ಲ." ಆಕೆಯ ದವಡೆ ಅದುರಿತು. "ಈ ಮಾತು ಆತ ನನಗ ಹೇಳ್ತಾನೇನು? ಮಂದಿಗಲ್ಲ. ನನಗ."

"ಹೇಳಸ್ತೀನಿ" ಅಂದಳು ಸುಷಮಾ.

ಅದಕ್ಕೆ ಅವಕಾಶ ತಾನಾಗಿಯೇ ಬಂತು. ಯುಗಾದಿ ಆದ ಮೇಲೆ ಅಪ್ಪನೇ ಫೋನು ಮಾಡಿದ.

"ಸುಷಮಾ, ರಾಯಚೂರಾಗ ದೊಡ್ಡ ಕಾರ್ಯಕ್ರಮ ಅದ. ನೀ ಬಂದು ಪಕ್ಕದಾಗ ನಿಂತರ ಸಾಕು, ಮಾತಾಡೂದು ಬ್ಯಾಡ. ಜನ ನಿನ್ನ ಕೇಳ್ತಾರ."

"ನಾ ಬರಂಗಿಲ್ಲ."

"ಇನ್ನೇನು ಬೇಕು ನಿನಗ? ಊರ ಮುಂದ ಒಪ್ಪಿಕೊಂಡೆನಲ್ಲ."

"ಜಯಕ್ಕಗ ಫೋನ್ ಮಾಡ್ರಿ. ನೀ ಮಾಡಿದ ಫೋನ್ ನಾನ ಎತ್ತಿದ್ದೆ ಅಂತ ಆಕಿಗೆ ಹೇಳ್ರಿ. ಮೈಕ್ ಇಲ್ಲದ, ಮಂದಿ ಇಲ್ಲದ. ಅಷ್ಟು ಮಾಡ್ರಿ, ಆಮ್ಯಾಲೆ ನೀವು ಕರೆದ ಊರಿಗೆ ಬರತೀನಿ."

"ಆಕಿಗೆ ಕಿವಿ ಕೇಳಸಂಗಿಲ್ಲಂತ. ಆಕಿಗೇನು ಹೇಳೂದದ ಈಗ" ಅಂದ ಅಪ್ಪ.

"ಒದರಿ ಹೇಳ್ರಿ. ಆಕಿ ಅವತ್ತು ನಿಮಗ ಒದರಿನ ಹೇಳಿದ್ಲು."

ಫೋನು ಕಡಿಯಿತು. ಜಯಕ್ಕನ ಪಕ್ಕದ ಮನೆಯವರ ನಂಬರನ್ನು ಸುಷಮಾ ಮೆಸೇಜ್ ಮಾಡಿ ಕಳಿಸಿದಳು. ಜಯಕ್ಕ ಆ ಮನೆಯ ಕಟ್ಟೆಯ ಮೇಲೆ ದಿನಾ ಹೋಗಿ ಕೂಡುತ್ತಿದ್ದಳಂತೆ. ಫೋನು ಬಂತೇನು ಎಂದು ಒಮ್ಮೆಯೂ ಕೇಳುತ್ತಿರಲಿಲ್ಲವಂತೆ, ಸುಮ್ಮನೆ ಕೂತು ಎದ್ದು ಬರುತ್ತಿದ್ದಳಂತೆ. ಶ್ರಾವಣದಲ್ಲಿ ಮೂರು ದಿನದ ಜ್ವರಕ್ಕೆ ತೀರಿಕೊಂಡಳು. ರಾಯಚೂರಿನ ಕಾರ್ಯಕ್ರಮ ಅಷ್ಟರಲ್ಲಿ ಮುಗಿದಿತ್ತು, ಚೆನ್ನಾಗಿ ಆಯಿತೆಂದು ಪಂಚಾಕ್ಷರಯ್ಯನವರು ಹೇಳಿದರು.

ದಸರಾ ಮುಗಿದ ಮೇಲೆ ಒಂದು ಭಾನುವಾರ ಸುಮೇಧಾ ಫೋನು ಹಿಡಿದು ಅಡುಗೆಮನೆಗೆ ಬಂದಳು. ತೋರಿಸಲೋ ಬೇಡವೋ ಎಂದು ನಿಂತಳು. "ತೋರಿಸು" ಅಂದಳು ಸುಷಮಾ. ಯಾವುದೋ ಊರಿನ ವೇದಿಕೆ. ಅಪ್ಪ ಕೈ ಜೋಡಿಸಿಕೊಂಡು ಹೇಳುತ್ತಿದ್ದ. "ಜಯಕ್ಕ ಅಂತ ಒಬ್ಬ ಮಹಾತಾಯಿ. ಓದು ಬಾರದಾಕಿ. ಆಕಿ ಫೋನಿನಾಗ ಒದರಿದ ಮಾತು ಇವತ್ತಿಗೂ ಈ ಕಿವ್ಯಾಗ ಅದ. ಆಕಿಯ ಹತ್ತಿರ ಕ್ಷಮಾ ಕೇಳಲಿಕ್ಕೆ ನನಗ ಭಾಗ್ಯ ಇರಲಿಲ್ಲ..." ಸಭೆಯಲ್ಲಿ ಯಾರೋ ಬಿಕ್ಕುವುದು ಕೇಳಿಸಿತು.

ಸುಷಮಾ ಪೂರ್ತಿ ನೋಡಲಿಲ್ಲ. ಫೋನು ಮಗಳ ಕೈಗೆ ಕೊಟ್ಟು, ಕೈ ತೊಳೆದುಕೊಂಡು ರೊಟ್ಟಿ ಬಡಿಯಲು ಕೂತಳು.

ಸ್ವಲ್ಪ ಹೊತ್ತಿಗೆ ಆಕೆಯ ಫೋನು ರಿಂಗಾಯಿತು. ಬಾಗಿಲ ಹತ್ತಿರ ಪೇಪರ್ ಓದುತ್ತಿದ್ದ ಕೊಟ್ರೇಶ ಎತ್ತಿ ನೋಡಿದ. "ನಿಮ್ಮಪ್ಪ" ಅಂದ. "ಈ ನಂಬರ್ ಬರದಂಗ ಮಾಡ್ಲೇನು? ಸುಮೇಧಾ ಮಾಡಿಕೊಡ್ತಾಳ."

"ಬ್ಯಾಡ" ಅಂದಳು ಸುಷಮಾ. "ಆತ ಮಾಡಲಿ. ನಾ ಎತ್ತಂಗಿಲ್ಲ."

ಕೊಟ್ರೇಶ ಫೋನನ್ನು ಕಪಾಟಿನ ಮೇಲಿಟ್ಟ. ಅದು ರಿಂಗಾಗಿ ನಿಂತಿತು, ಮತ್ತೆ ರಿಂಗಾಯಿತು. ಸುಷಮಾ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ಅಂಚು ಸೀಯದಂತೆ ಒದ್ದೆ ಬಟ್ಟೆಯಿಂದ ನೀರು ಸವರಿದಳು.